ಅಡ್ವಾನ್ಸಿನಲ್ಲಿ 42,500 ಮುರಿದುಕೊಂಡರು: ಮಂಗಳೂರಿನ ಬಿಕರ್ನಕಟ್ಟೆಯ ಬಾಡಿಗೆ ಮನೆ ಬಿಟ್ಟಾಗ ನನಗಾದ ಅನುಭವ

2024ರ ಜುಲೈ, ಒಂದು ಶನಿವಾರ ರಾತ್ರಿ. ವಾಟ್ಸಾಪ್‌ಗೆ ನೋಟ್‌ಪುಸ್ತಕದ ಹಾಳೆಯ ಫೋಟೋ ಬಂತು. ಅದರಲ್ಲಿ ಆರು ಸಾಲು. ಪೈಂಟಿಂಗ್ 24,000. ಡೀಪ್ ಕ್ಲೀನಿಂಗ್ 9,000. ಬಾತ್‌ರೂಮ್ ಟೈಲ್ಸ್ ಆಸಿಡ್ ವಾಶ್ 3,500. ಅಡುಗೆಮನೆ ಎಣ್ಣೆ ಜಿಡ್ಡು, ಮೀನಿನ ವಾಸನೆ 2,500. ಪೈಪ್ ಬ್ಲಾಕ್ 1,500. ಇತರೆ 2,000. ಒಟ್ಟು 42,500. ಅಡಿಯಲ್ಲಿ, "ಬಾಕಿ 32,500 ನಿಮ್ಮ ಅಕೌಂಟಿಗೆ ಹಾಕಿದ್ದೇನೆ. ಥ್ಯಾಂಕ್ಸ್."

ನಾವು ಕೊಟ್ಟ ಅಡ್ವಾನ್ಸ್ 75,000. ಅರ್ಧಕ್ಕಿಂತ ಜಾಸ್ತಿ ಹೋಗಿತ್ತು.

ನಾನು ಮೂರು ಸಲ ಓದಿದೆ. ಮೊತ್ತಕ್ಕಿಂತ ಮೊದಲು ನನ್ನ ಕಣ್ಣಿಗೆ ಚುಚ್ಚಿದ್ದು ಮೀನಿನ ವಾಸನೆ. ಕೆಳಗಿನ ಮನೆಯಲ್ಲೇ ಇರುವ ಓನರ್ ಆಂಟಿ ವಾರಕ್ಕೆ ನಾಲ್ಕು ದಿನ ಮೀನು ಮಾಡುತ್ತಿದ್ದರು. ಅವರ ಬಂಗುಡೆ ಪುಳಿಮುಂಚಿ ಎಷ್ಟು ಸಲ ನಮ್ಮ ಮನೆಗೆ ಬಂದಿದೆ ಅಂತ ಲೆಕ್ಕವಿಲ್ಲ. ಆ ಅಡುಗೆಮನೆಯಲ್ಲಿ ವಾಸನೆ ಇದ್ದದ್ದು ನಿಜವೇ ಆದರೆ ಅದರಲ್ಲಿ ಒಂದು ಪಾಲು ಕೆಳಗಿಂದ ಬಂದದ್ದು, ಅಲ್ವಾ?

ಲೆಕ್ಕ ಕಳಿಸಿದ್ದು ಆಂಟಿ ಅಲ್ಲ, ಗಲ್ಫಿನಲ್ಲಿರುವ ಅವರ ಮಗ. ಅಗ್ರಿಮೆಂಟ್ ಅವರ ಹೆಸರಿನಲ್ಲಿತ್ತು. ಬಾಡಿಗೆ ಅವರ ಅಕೌಂಟಿಗೆ ಹೋಗುತ್ತಿತ್ತು. ದಿನನಿತ್ಯದ ಮಾತೆಲ್ಲ ಆಂಟಿ ಜೊತೆ. ಆಟಿ ತಿಂಗಳಲ್ಲಿ ಪತ್ರೊಡೆ ಮಾಡಿದರೆ ನಮಗೆ ಒಂದು ಪಾಲು ಇದ್ದೇ ಇತ್ತು. ನನ್ನ ಮಗಳು ನಡೆಯಲು ಕಲಿತದ್ದು ಅವರ ಜಗಲಿಯಲ್ಲಿ. ಅಂಥವರ ಮನೆಯ ಜೊತೆ ದುಡ್ಡಿನ ಜಗಳ ಹೇಗೆ ಮಾಡುವುದು? ನನ್ನ ಗಂಡ, "ಬಿಡು ಮಾರಾಯ್ತಿ, ನಾಲ್ಕೂವರೆ ವರ್ಷ ಚೆನ್ನಾಗಿ ನೋಡಿಕೊಂಡಿದ್ದಾರೆ" ಅಂದರು. ನಾನು ಬಿಡುವ ಹಾಗಿರಲಿಲ್ಲ. ನನ್ನ ಕೆಲಸವೇ ಅಕೌಂಟ್ಸ್. ಬಿಲ್ ಇಲ್ಲದ ಆರು ಸಾಲು ನೋಡಿದರೆ ನಿದ್ದೆ ಬರುವುದಿಲ್ಲ.

ನಾವು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮನೆ ಬಿಟ್ಟದ್ದು ಮೇ 31ಕ್ಕೆ. ಅದಕ್ಕೆ ಮೊದಲು ಎರಡು ದಿನ ಕೂತು ತೊಳೆದಿದ್ದೇವೆ. ಕೆಲಸಕ್ಕೆ ಬರುವ ಅಕ್ಕನಿಗೆ 1,500 ಕೊಟ್ಟು ಫ್ಯಾನು, ಕಿಟಕಿಯ ಸರಳು, ಬಾತ್‌ರೂಮ್ ಎಲ್ಲ ಉಜ್ಜಿಸಿದ್ದೇವೆ. ಆಮೇಲೆ ಕೀಯನ್ನು ಆಂಟಿ ಕೈಗೆ ಕೊಟ್ಟು, ಕಾಫಿ ಕುಡಿದು, ಕಣ್ಣು ಒದ್ದೆ ಮಾಡಿಕೊಂಡು ಬಂದೆವು. ಮನೆಯನ್ನು ಇಬ್ಬರೂ ಒಟ್ಟಿಗೆ ನೋಡಿ, "ಇಷ್ಟು ಸರಿ ಉಂಟು, ಇಷ್ಟು ಹಾಳಾಗಿದೆ" ಅಂತ ಬರೆದುಕೊಳ್ಳಲಿಲ್ಲ. "ಜುಲೈಯಲ್ಲಿ ರಜೆಗೆ ಬರುತ್ತೇನೆ, ಬಂದು ನೋಡಿ ಅಡ್ವಾನ್ಸ್ ಕೊಡುತ್ತೇನೆ" ಅಂತ ಮಗ ಹೇಳಿದ್ದರು. ನಾವು ಸರಿ ಅಂದೆವು.

ಮೇ 31ರಿಂದ ಜುಲೈ ಮಧ್ಯ. ಮಂಗಳೂರಿನವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆರು ವಾರ ಕಿಟಕಿ ಮುಚ್ಚಿ, ಫ್ಯಾನ್ ತಿರುಗದೆ, ಒಲೆ ಉರಿಯದೆ ಬಿಟ್ಟ ಮನೆ ಏನಾಗುತ್ತದೆ? ಚಪ್ಪಲಿಗೆ ಬೂಷ್ಟು ಬರುತ್ತದೆ, ಬೆಲ್ಟಿಗೆ ಬೂಷ್ಟು ಬರುತ್ತದೆ, ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚುತ್ತದೆ. ಗೋಡೆಯನ್ನು ಮಾತ್ರ ಬಿಡುತ್ತದೆಯೇ? ಮಗ ಬಂದು ನೋಡಿದ್ದು ನಾವು ಬಿಟ್ಟ ಮನೆಯನ್ನಲ್ಲ, ಮಳೆ ಹೊಕ್ಕ ಮನೆಯನ್ನು.

ನಮ್ಮ ಪುಣ್ಯಕ್ಕೆ ಒಂದು ವಿಡಿಯೋ ಇತ್ತು. ಸಾಕ್ಷಿಗೆ ಅಂತ ತೆಗೆದದ್ದಲ್ಲ. ಮಗಳು ಖಾಲಿ ಮನೆಯಲ್ಲಿ ಕೂಗಿದರೆ ಪ್ರತಿಧ್ವನಿ ಬರುತ್ತದೆ ಅಂತ ಕೋಣೆ ಕೋಣೆಯಲ್ಲಿ ಓಡಾಡಿ ಕೂಗುತ್ತಿದ್ದಳು, ಗಂಡ ಅದನ್ನು ಫೋನಿನಲ್ಲಿ ಹಿಡಿದಿದ್ದರು. ನಾಲ್ಕು ನಿಮಿಷ. ಹಾಲ್, ಎರಡು ಬೆಡ್‌ರೂಮ್, ಅಡುಗೆಮನೆ, ಒಂದು ಬಾತ್‌ರೂಮ್, ಎಲ್ಲ ಬಂದಿತ್ತು. ದಿನಾಂಕ ಮೇ 31.

ಆ ರಾತ್ರಿ ನಾನು ಉತ್ತರ ಬರೆಯಲಿಲ್ಲ. ಸಿಟ್ಟಿನಲ್ಲಿ ಟೈಪ್ ಮಾಡಿದ್ದನ್ನು ಅಳಿಸಿ, ಬೆಳಿಗ್ಗೆ ಎರಡೇ ಸಾಲು ಕಳಿಸಿದೆ: "32,500 ಬಂದಿದೆ. ಇದನ್ನು ಪೂರ್ತಿ ಲೆಕ್ಕ ಅಂತ ನಾನು ಒಪ್ಪಿಕೊಂಡಿಲ್ಲ. ಪ್ರತಿ ಖರ್ಚಿನ ಬಿಲ್ ಮತ್ತು ನೀವು ತೆಗೆದ ಫೋಟೋ ದಯವಿಟ್ಟು ಕಳಿಸಿ." ಒಪ್ಪಿಕೊಂಡಿಲ್ಲ ಅನ್ನುವ ಮಾತು ಬೇಕೇ ಬೇಕು. ದುಡ್ಡು ಬಂದ ಮೇಲೆ ಸುಮ್ನೆ ಇದ್ದರೆ ಒಪ್ಪಿದ ಹಾಗೆ ಅಂತ ನಾಳೆ ಅವರು ಹೇಳಬಹುದು.

ಬಿಲ್ ಬರುವ ತನಕ ಅಗ್ರಿಮೆಂಟ್ ತೆಗೆದು ಓದಿದೆ. ನಮ್ಮದು ಎಲ್ಲರ ಹಾಗೆ 11 ತಿಂಗಳಿನದ್ದು, ಪ್ರತಿ ಸಲ ಹೊಸದು ಮಾಡಿದ್ದು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಆ ಖರ್ಚು ತಪ್ಪಿಸಲು ಈ 11ರ ಲೆಕ್ಕ. ಅದರಲ್ಲಿ, "ಸಹಜ ಸವೆತವನ್ನು ಹೊರತುಪಡಿಸಿ, ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸತಕ್ಕದ್ದು" ಅಂತ ಇತ್ತು. ಪೈಂಟಿಂಗಿಗೆ ಇಷ್ಟು ಮುರಿಯುತ್ತೇವೆ ಅನ್ನುವ ಸಾಲು ಇರಲಿಲ್ಲ. ಬೆಂಗಳೂರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೈಂಟಿಂಗಿಗೆ ಅಂತ ಮೊದಲೇ ಬರೆಸಿಕೊಳ್ಳುವವರು ತುಂಬಾ ಜನ. ನಿಮ್ಮ ಅಗ್ರಿಮೆಂಟಿನಲ್ಲಿ ಆ ಸಾಲಿದ್ದರೆ ನನ್ನ ಕಥೆ ನಿಮಗೆ ಅಷ್ಟಾಗಿ ಉಪಯೋಗಕ್ಕೆ ಬರಲಿಕ್ಕಿಲ್ಲ.

ವಕೀಲಿಕೆ ಮಾಡುವ ಗೆಳತಿಯೊಬ್ಬಳಿಗೆ ಫೋನ್ ಮಾಡಿದೆ. ಅಗ್ರಿಮೆಂಟಿನ ಆ ಸಾಲು ಯಾರೋ ಟೈಪಿಸ್ಟ್ ಹಾಕಿದ್ದಲ್ಲ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಿನಲ್ಲೇ ಹಾಗೆ ಉಂಟು ಅಂದಳು. ಬಾಡಿಗೆದಾರ ಮನೆಯನ್ನು ತಾನು ಪಡೆದಾಗಿನ ಸ್ಥಿತಿಯಲ್ಲಿ ವಾಪಸು ಕೊಡಬೇಕು, ಆದರೆ ಸಹಜ ಸವೆತದಿಂದ ಆದ ಬದಲಾವಣೆ ಅವನ ತಲೆಗೆ ಬರುವುದಿಲ್ಲ. ಇನ್ನೊಂದನ್ನೂ ಹೇಳಿದಳು. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಯಾವ ರಿಪೇರಿ ಯಾರದ್ದು ಅಂತ ಒಂದು ಪಟ್ಟಿಯೇ ಉಂಟಂತೆ. ಹುಡುಕಿ ಓದಿದೆ. ಗೋಡೆಗೆ ಸುಣ್ಣಬಣ್ಣ, ಬಾಗಿಲು ಕಿಟಕಿಗೆ ಪೈಂಟ್, ಪೈಪ್ ಬದಲಿಸುವುದು ಓನರ್ ಪಾಲು. ಡ್ರೈನ್ ಕ್ಲೀನ್ ಮಾಡಿಸುವುದು, ನಲ್ಲಿಯ ವಾಷರ್, ಸ್ವಿಚ್ಚು, ಬೀಗದ ರಿಪೇರಿ ಬಾಡಿಗೆದಾರರ ಪಾಲು. ಅದು ಮಾದರಿ ಮಾತ್ರ, ರಾಜ್ಯ ಅಳವಡಿಸಿಕೊಂಡರೆ ಮಾತ್ರ ಕಾನೂನು. ಹಾಗಾಗಿ ನಾನು ಅದನ್ನು ಬೆದರಿಸಲು ಹಿಡಿಯಲಿಲ್ಲ. ನ್ಯಾಯವಾಗಿ ಹೇಗೆ ಹಂಚಬಹುದು ಅಂತ ಅಳೆಯಲು ಇಟ್ಟುಕೊಂಡೆ. ಆ ಅಳತೆಯಲ್ಲಿ ಪೈಪ್ ಬ್ಲಾಕಿನ 1,500 ನಮ್ಮ ತಲೆಗೇ ಬಂತು. ಇರಲಿ.

ಆಮೇಲೆ ಗೋಡೆಗಳ ಸರದಿ. ಮಗ ಕಳಿಸಿದ ಹನ್ನೊಂದು ಫೋಟೋಗಳನ್ನು ನಮ್ಮ ವಿಡಿಯೋ ಪಕ್ಕದಲ್ಲಿಟ್ಟು ನೋಡಿದೆ. ಒಂದು ಭಾನುವಾರ ಪೂರ್ತಿ ಹೋಯಿತು. ಎಲ್ಲ ಕಲೆಯೂ ಒಂದೇ ಅಲ್ಲ ಅಂತ ನನಗೆ ಗೊತ್ತಾದದ್ದು ಅವತ್ತೇ.

ದೊಡ್ಡ ಬೆಡ್‌ರೂಮಿನ ಪಡು ದಿಕ್ಕಿನ ಗೋಡೆ ಎಲ್ಲಕ್ಕಿಂತ ಹಾಳು. ಕೆಂಪು ಕಲ್ಲಿನ ಹಳೆ ಗೋಡೆ. ನಮ್ಮ ಕಡೆ ಮಳೆ ಗಾಳಿಯ ಜೊತೆ ಪಡುವಿನಿಂದಲೇ ಹೊಡೆಯುವುದು. ಕಿಟಕಿಯ ಮೇಲಿನ ಮೂಲೆಯಿಂದ ಹಳದಿ ಕಲೆ ಇಳಿದು ಬಂದಿತ್ತು, ಭೂಪಟದ ಹಾಗೆ, ಅಂಚು ಮಾತ್ರ ಕಡು. ಪೈಂಟ್ ಉಬ್ಬಿತ್ತು. ಉಬ್ಬಿದಲ್ಲಿ ಒಡೆದು ಬಿಳಿ ಹುಡಿ ಉದುರುತ್ತಿತ್ತು. ಗೋಡೆಯೊಳಗಿನ ನೀರು ಒಣಗುವಾಗ ಉಪ್ಪನ್ನು ಹೊರಗೆ ತಂದು ಬಿಡುತ್ತದಲ್ಲ, ಅದೇ ಆ ಹುಡಿ. ಇದು ಹೊರಗಿಂದ ಒಳಗೆ ಬಂದ ನೀರು. ಒಳಗೆ ಇರುವವರು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮೇಲೆ ಪೈಂಟ್ ಬಳಿದರೂ ಮುಂದಿನ ಮಳೆಗೆ ಮತ್ತೆ ಬರುತ್ತದೆ.

ಬೀರುವಿನ ಹಿಂದಿನ ಗೋಡೆಯದ್ದು ಬೇರೆ. ಅಲ್ಲಿ ಕಪ್ಪು ಚುಕ್ಕೆ ಚುಕ್ಕೆ ಬೂಷ್ಟು. ಪೈಂಟ್ ಗಟ್ಟಿಯಾಗಿಯೇ ಇತ್ತು, ಉಬ್ಬಿರಲಿಲ್ಲ. ಅದು ಗಾಳಿ ಆಡದೆ ಬಂದದ್ದು. ಮಳೆಗಾಲದಲ್ಲಿ ನಾವು ಆ ಕೋಣೆಯಲ್ಲೇ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದೆವು. ಬೇರೆ ದಾರಿ ಇಲ್ಲ, ಈ ಊರಿನಲ್ಲಿ ಜುಲೈಯಲ್ಲಿ ಬಟ್ಟೆ ಒಣಗಬೇಕಾದರೆ ಫ್ಯಾನ್ ಕೆಳಗೇ ಒಣಗಬೇಕು. ಆದರೂ ಆ ಚಂಡಿ ಬಟ್ಟೆಯ ಹಬೆ ಬೀರುವಿನ ಹಿಂದೆ ಕೂತದ್ದು ನಮ್ಮಿಂದಲೇ. ಬೀರು ಎತ್ತಿದ ದಿನ ನಾವು ಒರೆಸಿದ್ದೆವು, ಪೂರ್ತಿ ಹೋಗಿರಲಿಲ್ಲ.

ಹಾಲಿನಲ್ಲಿ ಮಗಳ ಕ್ರೇಯಾನ್ ಚಿತ್ರ. ಒಂದು ಗೋಡೆ ಪೂರ್ತಿ ಆನೆಗಳು. ಇದರಲ್ಲಿ ವಾದ ಮಾಡಲು ಏನಿದೆ?

ಅಡುಗೆಮನೆಯಲ್ಲಿ ಒಲೆಯ ಹಿಂದೆ, ಟೈಲ್ಸ್ ಮುಗಿದ ಮೇಲಿನ ಗೋಡೆಗೆ ಎಣ್ಣೆ ಜಿಡ್ಡು. ತೆಂಗಿನೆಣ್ಣೆಯಲ್ಲಿ ಮೀನು ಹುರಿದ ನಾಲ್ಕೂವರೆ ವರ್ಷ ಅಲ್ಲಿ ಅಂಟಿಕೊಂಡಿತ್ತು. ಟೈಲ್ಸನ್ನು ಬಿಸಿನೀರು, ಸೋಡಾ ಹಾಕಿ ಉಜ್ಜಿದ್ದೆವು. ಮೇಲೆ ಕೈ ಎಟಕದ ಕಡೆ ಬಿಟ್ಟಿದ್ದೆವು. ಅದೂ ನಮ್ಮದೇ.

ಬಾತ್‌ರೂಮಿನ ಟೈಲ್ಸಿನಲ್ಲಿ ನಲ್ಲಿಯ ಕೆಳಗೆ ಕೆಂಪು ಗೆರೆ. ನಾನು 2019ರ ನವೆಂಬರಿನಲ್ಲಿ ಆ ಮನೆಗೆ ಹೋದ ವಾರ ಅಮ್ಮನಿಗೆ ಕಳಿಸಿದ್ದ ಫೋಟೋದಲ್ಲೇ ಆ ಗೆರೆ ಇತ್ತು. "ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಉಂಟು, ಬಿಳಿ ಬಟ್ಟೆ ನೆನೆಸಬೇಡ" ಅಂತ ಬೆಳ್ತಂಗಡಿಯಿಂದ ಅಮ್ಮ ಉತ್ತರ ಕೊಟ್ಟಿದ್ದರು. ಅಮ್ಮನ ಆ ಮೆಸೇಜ್ 3,500 ರೂಪಾಯಿ ಉಳಿಸಿತು.

ಎಲ್ಲಕ್ಕಿಂತ ದೊಡ್ಡದು ಸಿಕ್ಕಿದ್ದು ಓನರ್ ಜೊತೆಗಿನ ಹಳೆ ಚಾಟಿನಲ್ಲಿ. 2021ರ ಜುಲೈಯಲ್ಲಿ ಪಡು ಗೋಡೆಯ ಫೋಟೋ ಕಳಿಸಿ, "ಗೋಡೆ ಒಳಗಿಂದ ಚಂಡಿ ಆಗ್ತಾ ಉಂಟು, ಪೈಂಟ್ ಏಳ್ತಾ ಉಂಟು" ಅಂತ ನಾನು ಬರೆದಿದ್ದೆ. ಮಗನ ಉತ್ತರ: "ಈ ಮಳೆ ಒಂದು ಮುಗೀಲಿ, ಆ ಬದಿಗೆ ಶೀಟ್ ಹಾಕಿಸುವಾ." 2022ರಲ್ಲಿ ಮತ್ತೆ ಕೇಳಿದ್ದೆ. ಉತ್ತರವಾಗಿ ಹೆಬ್ಬೆಟ್ಟಿನ ಗುರುತು ಬಂದಿತ್ತು. ಶೀಟ್ ಬರಲಿಲ್ಲ. ಈಗ ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ಇದೊಂದೇ: ಮನೆಯಲ್ಲಿ ಏನು ಸೋರಿದರೂ, ಓನರ್ ಪಕ್ಕದಲ್ಲೇ ಇದ್ದು ಬಾಯಲ್ಲಿ ಹೇಳಿದ್ದರೂ, ಒಂದು ಫೋಟೋ ಮೆಸೇಜಿನಲ್ಲಿ ಬಿದ್ದಿರಲಿ. ಫೋನ್ ಬದಲಿಸುವಾಗ ಚಾಟ್ ಕಳೆದುಕೊಳ್ಳಬೇಡಿ.

ನಾಲ್ಕನೇ ದಿನಕ್ಕೆ ಬಿಲ್ ಬಂತು. ಆರು ಸಾಲಿಗೆ ಎರಡೇ ಬಿಲ್. ಪೈಂಟಿಂಗಿನದ್ದು ಬಿಲ್ ಅಲ್ಲ, ಪೈಂಟರ್ ಬರೆದುಕೊಟ್ಟ ಎಸ್ಟಿಮೇಟ್. ಕೆಲಸ ಇನ್ನೂ ಶುರುವೇ ಆಗಿರಲಿಲ್ಲ. ಹೇಗೂ ಆ ಮಳೆಯಲ್ಲಿ ಯಾವ ಪೈಂಟರೂ ಹಸಿ ಗೋಡೆಗೆ ಕೈ ಹಾಕುವುದಿಲ್ಲ. ಎರಡನೆಯದು ಡೀಪ್ ಕ್ಲೀನಿಂಗ್ ಬಿಲ್. ಇದು ಅಸಲಿ, ಅಚ್ಚು ಹಾಕಿದ ಬಿಲ್. 9,000 ಅಂತಲೇ ಇತ್ತು. ಆದರೆ ನನ್ನ ಕಣ್ಣು ಮೊತ್ತದ ಕಡೆ ಹೋಗುವ ಮೊದಲು ವಿಸ್ತೀರ್ಣದ ಕಾಲಮಿಗೆ ಹೋಯಿತು. ಕೆಲಸದ ಚಾಳಿ. 2,100 ಚದರ ಅಡಿ. ನಮ್ಮ ಮನೆ ಬರೇ 950. ಉಳಿದದ್ದು ಎಲ್ಲಿಂದ ಬಂತು? ಕೆಳಗಿನ ಮನೆಯಿಂದ. ಮಗನ ಸಂಸಾರ ರಜೆಗೆ ಬರುತ್ತದೆ ಅಂತ ಇಡೀ ಕಟ್ಟಡವನ್ನು ಕ್ಲೀನ್ ಮಾಡಿಸಿದ್ದಾರೆ, ಬಿಲ್ ಪೂರ್ತಿ ನಮ್ಮ ಹೆಸರಿಗೆ. ಅವರು ಬೇಕಂತ ಮಾಡಿದ್ದು ಅಂತ ನಾನು ಇವತ್ತಿಗೂ ಅಂದುಕೊಂಡಿಲ್ಲ. ಬಿಲ್ ನೋಡದೆ ಮೊತ್ತ ಬರೆದಿರಬೇಕು. ಆದರೆ ತಪ್ಪು ಅವರ ಕಡೆಗೇ ಲಾಭವಾಗುವ ಹಾಗೆ ಆಗಿತ್ತು.

ನನಗೆ ಗೊತ್ತಿರುವ ಪೈಂಟರ್ ಅಣ್ಣನನ್ನೂ ಕೇಳಿದೆ. 950 ಅಡಿ ಮನೆಗೆ 24,000 ಜಾಸ್ತಿಯೇನೂ ಅಲ್ಲ ಅಂದರು. ಒಳ್ಳೆಯದೇ ಆಯಿತು. ರೇಟಿನ ಮೇಲೆ ಜಗಳ ತೆಗೆದಿದ್ದರೆ ನಾನು ಸೋಲುತ್ತಿದ್ದೆ. ಪ್ರಶ್ನೆ ಎಷ್ಟು ಅನ್ನುವುದಲ್ಲ, ಯಾರದ್ದು ಅನ್ನುವುದು. ಆನೆಗಳ ಗೋಡೆ ಒಂದಕ್ಕೆ ಎಷ್ಟಾಗುತ್ತದೆ ಅಂತ ಕೇಳಿದೆ. 12 ಅಡಿ ಅಗಲ, 10 ಅಡಿ ಎತ್ತರ, 120 ಚದರ ಅಡಿ. ಅಡಿಗೆ 15 ಹಿಡಿದರೆ 1,800 ಅಂದರು.

ಆಮೇಲೆ ಕನ್ನಡದಲ್ಲೇ ಒಂದು ಪತ್ರ ಬರೆದೆ. ಅವರ ಆರು ಸಾಲು, ಪ್ರತಿ ಸಾಲಿನ ಪಕ್ಕ ನನ್ನ ಉತ್ತರ. ಮೊದಲು ನಾವು ಒಪ್ಪುವುದನ್ನೇ ಬರೆದೆ: ಪೈಪ್ 1,500, ಅಡುಗೆಮನೆಯ ಎಣ್ಣೆ ಜಿಡ್ಡು 1,500, ಆನೆಗಳ ಗೋಡೆ 1,800, ಬೀರುವಿನ ಹಿಂದಿನ ಬೂಷ್ಟಿಗೆ 500. ಒಟ್ಟು 5,300. ಪಡು ಗೋಡೆಗೆ 2021ರ ಚಾಟ್. ಟೈಲ್ಸಿಗೆ 2019ರ ಫೋಟೋ. ಡೀಪ್ ಕ್ಲೀನಿಂಗಿಗೆ ಮೇ 31ರ ವಿಡಿಯೋ ಮತ್ತು ಬಿಲ್ಲಿನಲ್ಲಿದ್ದ 2,100ರ ಕಾಲಮ್. ಮೀನಿನ ವಾಸನೆಯ ಬಗ್ಗೆ ಒಂದು ಸಾಲು ಬರೆದು ಹೊಡೆದು ಹಾಕಿದೆ. ತುಂಬಾ ಚೆನ್ನಾಗಿ ಬಂದಿತ್ತು ಆ ಸಾಲು, ಈಗಲೂ ಬೇಜಾರು. ಇತರೆ 2,000ಕ್ಕೆ, "ಏನು ಅಂತ ತಿಳಿಸಿದರೆ ಉತ್ತರ ಕೊಡುತ್ತೇನೆ" ಅಂತ ಮಾತ್ರ ಬರೆದೆ. ಕೊನೆಗೆ 15 ದಿನದ ಗಡುವು. ವಾಟ್ಸಾಪ್‌ನಲ್ಲಿ ಕಳಿಸಿ, ಅದನ್ನೇ ಅಗ್ರಿಮೆಂಟಿನಲ್ಲಿದ್ದ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡೆ.

ಆ ವಿಳಾಸ ಅಂದರೆ ಕೆಳಗಿನ ಮನೆ. ಪತ್ರ ಆಂಟಿ ಕೈಗೇ ಹೋಗುತ್ತದೆ ಅನ್ನುವುದು ನನಗೆ ಹೊಳೆದದ್ದು ಪೋಸ್ಟ್ ಆಫೀಸಿನಿಂದ ಹೊರಗೆ ಬಂದ ಮೇಲೆ.

ಎರಡು ದಿನಕ್ಕೆ ಆಂಟಿ ಫೋನ್. "ಎಂತ ಮಗಾ ಇದು, ಪೋಸ್ಟ್‌ಮ್ಯಾನ್ ನನ್ನ ಹತ್ತಿರ ಸೈನ್ ಹಾಕಿಸಿದ. ಕೋರ್ಟಿನದ್ದಾ?" ನಾನು ನಾಚಿಕೆಯಿಂದ ಹಿಡಿಯಷ್ಟಾದೆ. ಕೋರ್ಟಿನದ್ದಲ್ಲ ಆಂಟಿ, ಬರೇ ಲೆಕ್ಕ, ನಿಮ್ಮ ಮಗನಿಗೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಪಡು ಗೋಡೆ ಇವರು ಇರುವಾಗಿಂದಲೂ ಹಾಗೇ. ನಾನು ಅವನಿಗೆ ಹೇಳಿದ್ದೇನೆ" ಅಂದರು. ಇವರು ಅಂದರೆ ತೀರಿಹೋದ ಅಂಕಲ್. ಆ ಮಾತನ್ನು ನಾನು ಮಗನ ಮುಂದೆ ಎಲ್ಲೂ ತೆಗೆಯಲಿಲ್ಲ. ತಾಯಿಯ ಮಾತನ್ನು ಮಗನ ಮೇಲೆ ಬೀಸುವಷ್ಟು ಕೆಟ್ಟಿರಲಿಲ್ಲ ನನ್ನ ಸ್ಥಿತಿ, ಕೈಯಲ್ಲಿ ಚಾಟ್ ಇತ್ತಲ್ಲ.

15 ದಿನ ಕಳೆಯಿತು. ಉತ್ತರವಿಲ್ಲ.

ಒಂದು ದಿನ ಅರ್ಧ ರಜೆ ಹಾಕಿ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಇಂಥದ್ದಕ್ಕೆ ಕೇಸು ಹಾಕುವ ಮೊದಲೇ ಲೋಕ ಅದಾಲತಿಗೆ ಅರ್ಜಿ ಕೊಡಬಹುದು, ಅದಕ್ಕೆ ಕೋರ್ಟ್ ಫೀ ಇಲ್ಲ. ಎದುರಿನವರಿಗೆ ನೋಟಿಸ್ ಹೋಗುತ್ತದೆ, ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಇಬ್ಬರೂ ಒಪ್ಪಿದರೆ ಆ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ. ಒಪ್ಪದಿದ್ದರೆ ಮಾತ್ರ ಸಿವಿಲ್ ಕೇಸು. ಅದಕ್ಕೂ ಮೂರು ವರ್ಷದ ಕಾಲಾವಕಾಶ ಇರುತ್ತದೆ, ನಾಳೆಯೇ ಓಡಬೇಕು ಅಂತ ಇಲ್ಲ. ಅಲ್ಲಿಯ ತನಕ ಹೋಗಲು ಆಗದವರು 15100ಕ್ಕೆ ಫೋನ್ ಮಾಡಿ ಉಚಿತ ಕಾನೂನು ಸಲಹೆ ಕೇಳಬಹುದು.

ಅರ್ಜಿಯನ್ನು ಬರೆದೆ, ಕೊಡಲಿಲ್ಲ. ಅದರ ಫೋಟೋ ತೆಗೆದು ಮಗನಿಗೆ ಕಳಿಸಿ, "ಸೋಮವಾರ ಕೊಡಬೇಕು ಅಂತ ಇದ್ದೇನೆ. ಅದಕ್ಕೆ ಮೊದಲು ನಾವಿಬ್ಬರೇ ಮಾತಾಡಿ ಮುಗಿಸುವುದಾದರೆ ನನಗೆ ಖುಷಿ" ಅಂತ ಬರೆದೆ. ಬೆದರಿಕೆ ಅಂತ ಅವರಿಗೆ ಅನಿಸಿರಬಹುದು. ಸ್ವಲ್ಪ ಹೌದು ಕೂಡ.

ಆ ರಾತ್ರಿಯೇ ಕಾಲ್ ಬಂತು. ಮೊದಲ ಹತ್ತು ನಿಮಿಷ ಅವರು ಸಿಟ್ಟಿನಲ್ಲಿದ್ದರು. ಅಮ್ಮನಿಗೆ ಪತ್ರ ಹೋದದ್ದೇ ಅವರಿಗೆ ಜಾಸ್ತಿ ನೋವು. ಅದಕ್ಕೆ ನಾನು ಕ್ಷಮೆ ಕೇಳಿದೆ, ಆ ವಿಷಯದಲ್ಲಿ ಅವರು ಸರಿ. ಆಮೇಲೆ 2,100ರ ಕಾಲಮ್ ಬಗ್ಗೆ ಕೇಳಿದೆ. ಅವರು ಫೋನ್ ಹಿಡಿದುಕೊಂಡೇ ಬಿಲ್ ತೆಗೆದು ನೋಡಿದರು ಅಂತ ಕಾಣುತ್ತದೆ. ಒಂದು "ಓ" ಕೇಳಿಸಿತು. ಅಲ್ಲಿಂದ ಮುಂದೆ ಸ್ವರ ಇಳಿಯಿತು. ಶೀಟ್ ಹಾಕಿಸುವಾ ಅಂದದ್ದನ್ನು ಅವರೇ ನೆನಪು ಮಾಡಿಕೊಂಡರು. ಆದರೂ ಆರು ವಾರದ ಬೂಷ್ಟು ಪೂರ್ತಿ ಮಳೆಯದ್ದು ಅಂತ ಒಪ್ಪಲಿಲ್ಲ. 10,000 ಹಿಡಿಯುತ್ತೇನೆ ಅಂದರು. ನಾನು 5,300 ಅಂದೆ. ಚೌಕಾಸಿ ನಡೆದು 8,000ಕ್ಕೆ ನಿಂತಿತು. ನನ್ನ ಲೆಕ್ಕಕ್ಕಿಂತ 2,700 ಜಾಸ್ತಿ. ಗಂಡ ಪಕ್ಕದಲ್ಲಿ ಕೂತು ಸಾಕು ಸಾಕು ಅಂತ ಕೈಸನ್ನೆ ಮಾಡುತ್ತಿದ್ದರು. ಒಪ್ಪಿದೆ.

ಮರುದಿನ 34,500 ಅಕೌಂಟಿಗೆ ಬಂತು. ಒಟ್ಟು 67,000 ಸಿಕ್ಕಿದೆ, ಅಡ್ವಾನ್ಸಿನ ಲೆಕ್ಕ ಪೂರ್ತಿ ಮುಗಿದಿದೆ ಅಂತ ಮೆಸೇಜ್ ಹಾಕಿದೆ. ಅವರು ಹೆಬ್ಬೆಟ್ಟಿನ ಗುರುತು ಹಾಕಿದರು.

ಕುಲಶೇಖರದ ಹೊಸ ಮನೆಯಲ್ಲಿ ಆಗಲೇ ಎರಡು ತಿಂಗಳು ಕಳೆದಿತ್ತು. ಆದರೂ ಮುಂದಿನ ಭಾನುವಾರ ಫೋನ್ ಹಿಡಿದು ಕೋಣೆ ಕೋಣೆ ಸುತ್ತಿದೆ. ಸಿಂಕಿನ ಅಡಿ, ಗೀಸರಿನ ಹಿಂದೆ, ನಲ್ಲಿಯ ಕೆಳಗೆ, ಪಡು ಗೋಡೆಯ ಮೇಲಿನ ಮೂಲೆ. ಮೂಲೆಯಲ್ಲಿ ಅಂಗೈಯಷ್ಟು ಹಳದಿ ಕಲೆ ಶುರುವಾಗಿತ್ತು. ಫೋಟೋ ತೆಗೆದು ಹೊಸ ಓನರಿಗೆ ಕಳಿಸಿದೆ. "ಈ ಮಳೆ ಮುಗೀಲಿ ಮೇಡಂ" ಅಂತ ಉತ್ತರ ಬಂತು. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.